ಅತಿ ಮಧುರ ಬ್ಯಾಡ

ನನ್ನನ್ನು ನೋಡಲು ತಾಂಡೂರಿಗೆ ಬಂದ ದಿನ ಹುಡುಗನಿಗಿಂತ ಹುಡುಗನ ಅಪ್ಪನೇ ನನ್ನನ್ನು ಹೆಚ್ಚು ನೋಡಿದರು. ಅದೂ ಮುಖವನ್ನಲ್ಲ, ನನ್ನ ಕೈಯಲ್ಲಿದ್ದ ಬಶಿಯನ್ನು. ಎಲ್ಲರಿಗೂ ಚಹಾ ಕೊಟ್ಟು, ಹೇಳಿಕೊಟ್ಟ ಹಾಗೆ ತಲೆ ತಗ್ಗಿಸಿ ಕೂತವಳು, ತಟ್ಟೆಯಲ್ಲಿ ಒಂದು ಕಪ್ಪು ಉಳಿದದ್ದು ಕಂಡು ತಡೆಯಲಾರದೆ ಅದನ್ನು ಬಶಿಗೆ ಸುರಿದುಕೊಂಡು ಸೊರ್ ಎಂದು ಕುಡಿದುಬಿಟ್ಟಿದ್ದೆ. ನಮ್ಮವ್ವ ಬಾಗಿಲ ಹಿಂದಿನಿಂದ ಕಣ್ಣು ಕೆಂಪಗೆ ಮಾಡಿದಳು. ಆದರೆ ಹುಡುಗನ ಅಪ್ಪ ತಮ್ಮ ಹೆಂಡತಿಯ ಕಡೆ ತಿರುಗಿ, "ಕಾಂತಾ, ತಳದ ತನಕ ಕುಡದಾಳ ನೋಡು. ಈ ಹುಡುಗೀನೇ ಆಗ್ಲಿ" ಎಂದರು. ಹುಡುಗ ಇನ್ನೂ ನನ್ನ ಮುಖ ಸರಿಯಾಗಿ ನೋಡಿರಲಿಲ್ಲ.

ಆ ಅಪ್ಪನೇ ನನ್ನ ಮಾವ ವೈಜಿನಾಥ. ಜಹೀರಾಬಾದಿನ ಬಸ್‌ಸ್ಟ್ಯಾಂಡಿನ ಎದುರು ಮೂವತ್ತನಾಲ್ಕು ವರ್ಷಗಳಿಂದ ಚಹಾ ಮಾಡುತ್ತಿದ್ದಾರೆ. ಹಣೆಗೆ ಮೂರು ಬೆರಳು ವಿಭೂತಿ, ಕೊರಳಲ್ಲಿ ಲಿಂಗ, ಹೆಗಲ ಮೇಲೊಂದು ಟವೆಲ್. ಆ ಟವೆಲ್ ತಂದಾಗ ಯಾವ ಬಣ್ಣದ್ದಿತ್ತೆಂದು ಅತ್ತೆ ಕಾಂತಾಬಾಯಿಗೂ ನೆನಪಿಲ್ಲ. ಒಂದು ಪಾತ್ರೆಯನ್ನು ತಲೆಗಿಂತ ಮೇಲೆತ್ತಿ, ಇನ್ನೊಂದನ್ನು ಸೊಂಟದ ಹತ್ತಿರ ಹಿಡಿದು ಅವರು ಚಹಾ ಸುರಿಯುವುದನ್ನು ನೋಡಬೇಕು. ಒಂದು ಹನಿ ಆಚೀಚೆ ಆಗುವುದಿಲ್ಲ. ನಾರಾಯಣಖೇಡದ ಬಸ್ಸಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರೂ ಇವರು ಅವಸರ ಮಾಡುವವರಲ್ಲ. ಚಹಾ ಕುದಿಯುವ ತನಕ ಸರ್ಕಾರವೂ ಕಾಯಬೇಕು ಎನ್ನುವುದು ಅವರ ವಾದ.

ಬಸ್‌ಸ್ಟ್ಯಾಂಡಿನ ಅಂಗಡಿ, ಅದೂ ಗಡಿಯೂರಿನಲ್ಲಿ ಎಂದ ಮೇಲೆ ಭಾಷೆಗಳಿಗೆ ಬರವಿಲ್ಲ. ಮಾವ ನಾಲ್ಕು ಭಾಷೆ ಮಾತಾಡುತ್ತಾರೆ, ನಾಲ್ಕನ್ನೂ ಒಂದೇ ಗಂಟಲಲ್ಲಿ. ಅಂಗಡಿ ಇಟ್ಟ ಮೊದಲ ವಾರದಲ್ಲಿ ಮಾತ್ರ ಸ್ವಲ್ಪ ಎಡವಟ್ಟಾಗಿತ್ತಂತೆ. ತೆಲುಗಿನ ಗಿರಾಕಿಯೊಬ್ಬ ಗ್ಲಾಸು ಅರ್ಧ ತುಂಬುತ್ತಲೇ 'ಚಾಲು' ಎಂದ. ತೆಲುಗಿನಲ್ಲಿ ಅದು ಸಾಕು ಎಂಬ ಮಾತು. ನಮ್ಮಲ್ಲಿ ಚಾಲೂ ಎಂದರೆ ನಡೆಯಲಿ ಎಂದರ್ಥ. ಮಾವ ನಡೆಸಿದರು. ಗಿರಾಕಿ ಇನ್ನೂ ಜೋರಾಗಿ ಚಾಲು ಎಂದ, ಮಾವ ಇನ್ನೂ ಜೋರಾಗಿ ಸುರಿದರು. ಕೊನೆಗೆ ಅವನ ಧೋತರವೇ ಚಹಾ ಕುಡಿಯಿತು. ಅಂದೇ ತೆಲುಗನ್ನು ಪೂರ್ತಿ ಕಲಿತುಬಿಟ್ಟೆನೆಂದು ಮಾವ ಹೇಳಿಕೊಳ್ಳುತ್ತಾರೆ, ಆಮೇಲೆ ಆ ವಿಷಯದಲ್ಲಿ ಅವರಿಗೆ ಯಾವ ಸಂಶಯವೂ ಬಂದಿಲ್ಲ.

ಮದುವೆಯಾಗಿ ಬಂದ ಮೇಲೆ ಮಾವನದೂ ನನ್ನದೂ ಜೋಡಿ ಚೆನ್ನಾಗಿ ಕುದುರಿತು. ನನ್ನ ಗಂಡ ಸಂಗು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ, ಒಳ್ಳೆಯವನು, ಆದರೆ ಹಾಲು ಕುಡಿಯುವವನು. ಚಹಾದಂಗಡಿಯವನ ಮಗ ಹಾಲು ಕುಡಿಯುತ್ತಾನೆಂಬ ಸಂಗತಿಯನ್ನು ಮಾವ ಬಸ್‌ಸ್ಟ್ಯಾಂಡಿನಲ್ಲಿ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಹಾಗಾಗಿ ದಿನಕ್ಕೆ ಎಂಟು ಗ್ಲಾಸು ಕುಡಿಯುವ ಸೊಸೆ ಬಂದದ್ದು ಅವರಿಗೆ ಹೋದ ಮಾನ ವಾಪಸ್ ಬಂದಂತಾಯಿತು. ಬೆಳಿಗ್ಗೆ ಅಂಗಡಿಗೆ ಹೊರಡುವ ಮುನ್ನ ನನಗೊಂದು ಗ್ಲಾಸು ತಾವೇ ಮಾಡಿ ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಎದುರಿಗೇ ನಿಂತು, "ಹ್ಯಾಂಗದ ಅವ್ವಾ?" ಎಂದು ಕೇಳಿ ಹೋಗುತ್ತಿದ್ದರು. ನನ್ನ ಅಪ್ಪ ಇದ್ದಾಗಲೂ ನನ್ನನ್ನು ಯಾರೂ ಹೀಗೆ ನೋಡಿಕೊಂಡಿರಲಿಲ್ಲ.

ಇಂಥ ಸುಖದಲ್ಲಿರುವಾಗ ನಾನು ಬಸುರಿಯಾದೆ.

ನಾಲ್ಕನೆಯ ತಿಂಗಳಲ್ಲಿ ನನ್ನನ್ನು ದವಾಖಾನೆಗೆ ಕರೆದುಕೊಂಡು ಹೋದವರು ಮಾವನೇ. ಸಂಗುವಿಗೆ ಅವತ್ತು ಬೆಳಗಿನ ಪಾಳಿ ಇತ್ತು. ಡಾಕ್ಟರಮ್ಮ ಖಮ್ಮಂ ಕಡೆಯವರು. ಅವರ ತೆಲುಗು ಎಕ್ಸ್‌ಪ್ರೆಸ್ ಬಸ್ಸಿನಂಥದ್ದು, ಸಣ್ಣ ಊರುಗಳಲ್ಲಿ ನಿಲ್ಲುವುದಿಲ್ಲ. ಹೊರಗೆ ನಲವತ್ತು ಜನ ಬಸುರಿಯರು ಕೂತಿದ್ದರು.

"ರೋಜುಕಿ ಎನ್ನಿ ಟೀಲಮ್ಮಾ?" ಎಂದು ಕೇಳಿದರು. ದಿನಕ್ಕೆ ಎಷ್ಟು ಚಹಾ?

ನಾನು ನಾಚಿಕೊಂಡು ಎಂಟರಲ್ಲಿ ಎರಡು ಕಡಿಮೆ ಮಾಡಿ ಆರು ಎಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಒಕಟಿ" ಎಂದರು. "ಮಹಾ ಅಂಟೇ ರೆಂಡು." ಒಂದಂತೆ, ಹೆಚ್ಚೆಂದರೆ ಎರಡಂತೆ, ಅದೂ ಸಣ್ಣ ಕಪ್ಪು.

ಮಾವನ ಮುಖ ನೋಡಲಾಗಲಿಲ್ಲ. ಅಂಗಡಿಗೆ ಬೀಗ ಜಡಿದರೂ ಅಷ್ಟು ಸಂಕಟಪಡುತ್ತಿರಲಿಲ್ಲ. ಆದರೂ ಸೋಲುವ ಮನುಷ್ಯನಲ್ಲ. ಟವೆಲಿನಿಂದ ಬೆವರು ಒರೆಸಿಕೊಂಡು, ಹಾಗಾದರೆ ಕಷಾಯ ಕುಡಿಯಬಹುದೇ ಎಂದು ತೆಲುಗಿನಲ್ಲಿ ಕೇಳಿದರು. ಡಾಕ್ಟರಮ್ಮ ಚೀಟಿ ಬರೆಯುತ್ತಲೇ, "ತಾಗೊಚ್ಚು. ಅಲ್ಲಂ ಕೊಂಚೆಂ, ಪುದೀನಾ ಪರ್ವಾಲೇದು. ಅತಿಮಧುರಂ ಮಾತ್ರಂ ಅಸ್ಸಲು ವದ್ದು" ಎಂದರು. ಅಷ್ಟರಲ್ಲಿ ಮುಂದಿನ ಬಸುರಿಯ ಹೊಟ್ಟೆ ಬಾಗಿಲೊಳಗೆ ಬಂದಾಗಿತ್ತು.

ಹೊರಗೆ ಬಂದ ಮೇಲೆ ಮಾವ ನನಗೆ ಬಿಡಿಸಿ ಹೇಳಿದರು. "ಕಷಾಯ ನಡೀತದ ಅಂದಾಳ. ಹಸಿಶುಂಠಿ ಜರಾ, ಪುದೀನಾ ಏನ್ ಹರಕತ್ ಇಲ್ಲ. ಅತಿ ಮಧುರ ಬ್ಯಾಡ ಅಂದಾಳ. ಅಂದ್ರ ಭಾಳ ಸಿಹಿ ಮಾಡಬಾರದು. ತಿಳೀತಲ್ಲ ಅವ್ವಾ?"

ತಿಳಿಯಿತು ಎಂದೆ. ನಾನು ತಾಂಡೂರಿನಲ್ಲಿ ಹತ್ತನೆಯ ತರಗತಿಯವರೆಗೆ ತೆಲುಗಿನಲ್ಲೇ ಓದಿದವಳು, ಆ ವಿಷಯದಲ್ಲಿ ನೂರಕ್ಕೆ ಎಂಬತ್ತೊಂಬತ್ತು ಬಂದಿತ್ತು. ಅತಿ ಎಂದರೆ ಅತಿ, ಮಧುರಂ ಎಂದರೆ ಸಿಹಿ, ಇದರಲ್ಲಿ ತಿಳಿಯದಿರಲು ಏನಿದೆ? ಆ ಎಂಬತ್ತೊಂಬತ್ತು ಕೊಟ್ಟ ಮಾಸ್ತರರು ಈಗ ಸಿಕ್ಕರೆ ನಾನು ಬೇರೆ ಗಲ್ಲಿಯಿಂದ ಹೋಗುತ್ತೇನೆ.

ಮರುದಿನದಿಂದ ಮನೆಯಲ್ಲಿ ಸಂಶೋಧನೆ ಶುರುವಾಯಿತು. ಚಹಾಪುಡಿ ಇಲ್ಲದ್ದಕ್ಕೆ ಚಹಾ ಎನ್ನಬಾರದೆಂಬುದು ಮಾವನ ಮೊದಲ ಕಾನೂನು. ಅದಕ್ಕೆ ಅವರು 'ಪೇಯ' ಎಂದು ಹೆಸರಿಟ್ಟರು. ಅತ್ತೆ 'ಸೊಪ್ಪಿನ ನೀರು' ಎಂದು ಕರೆದಳು. ಎರಡನೆಯ ಕಾನೂನು, ಯಾವುದೇ ಎಲೆ, ಬೇರು, ಕಾಳು ಸೊಸೆಯ ಹೊಟ್ಟೆಗೆ ಹೋಗುವ ಮುನ್ನ ಮೂರು ದಿನ ಗಿರಾಕಿಗಳ ಹೊಟ್ಟೆಗೆ ಹೋಗಿ ಪಾಸಾಗಬೇಕು. ಈ ಕಾನೂನನ್ನು ಗಿರಾಕಿಗಳಿಗೆ ಮಾತ್ರ ತಿಳಿಸಿರಲಿಲ್ಲ.

ಕಲ್ಹೇರ್ ಕಡೆಯ ಮೋನಮ್ಮ ಸಂತೆಗೆ ಕುರಿ ತರುವಾಗೆಲ್ಲ ಗಂಡನ ಜೊತೆ ನಮ್ಮ ಅಂಗಡಿಯಲ್ಲಿ ಕೂರುತ್ತಾಳೆ. ಎಂಟು ಹೆತ್ತವಳು, ನೂರಾರು ಕುರಿಗಳ ಹೆರಿಗೆ ಮಾಡಿಸಿದವಳು. ಅವಳನ್ನು ಕೇಳದೆ ಇರುವುದಾದರೂ ಹೇಗೆ? ಅವಳು ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಒಣಗಿದ ಎಲೆ ಕೊಟ್ಟಳು. "ಹೊಟ್ಟಿ ಸಾಫ್ ಇದ್ರ ಕೂಸು ಸಾಫ್ ಇರ್ತದ್ರಿ. ಕುದಿಸಿ ಕುಡಿಸ್ರಿ, ಮುಂದ ನೋಡ್ರಿ" ಎಂದಳು.

ಮಾವ ಅದನ್ನು ಕುದಿಸಿ ಮೊದಲು ಕುಡಿಸಿದ್ದು ಗಂಗಾರಾಮನಿಗೆ. ಗಂಗಾರಾಮ ಮನೂರಿಗೆ ಶೇರ್ ಆಟೋ ಓಡಿಸುವವನು. ಪುಕ್ಕಟೆ ಸಿಕ್ಕಿತೆಂದು ಎರಡು ಗ್ಲಾಸು ಹೊಡೆದು, ಒಂಬತ್ತು ಜನರನ್ನು ತುಂಬಿಕೊಂಡು ಹೊರಟ. ಮುಂದೆ ನೋಡಿದವರು ಆ ಒಂಬತ್ತು ಜನ. ದಾರಿಯಲ್ಲಿ ನಾಲ್ಕು ಕಡೆ ಆಟೋ ನಿಂತಿತಂತೆ, ನಾಲ್ಕು ಕಡೆಯೂ ತೊಗರಿ ಹೊಲದ ಪಕ್ಕದಲ್ಲೇ. ನಾಲ್ಕನೆಯ ಸಲ ಅವನು ಕೀಲಿಯನ್ನೂ ಆಟೋದಲ್ಲೇ ಬಿಟ್ಟು ಓಡಿದನೆಂದೂ, ಕೊನೆಗೆ ಮನೂರಿನ ಮುದುಕಿಯೊಬ್ಬಳು ಅವನಿಗೆ ಮಜ್ಜಿಗೆ ಕುಡಿಸಿದಳೆಂದೂ ಸುದ್ದಿ ಬಂತು. ಆ ಎಲೆ ಭೇದಿ ಮಾಡಿಸುವ ಸೋನಾಮುಖಿ ಎಂದು ಗೊತ್ತಾದದ್ದು ಆಮೇಲೆ. ನನ್ನ ಹೊಟ್ಟೆ ಉಳಿಯಿತು. ಗಂಗಾರಾಮ ಮಾತ್ರ ಅಂದಿನಿಂದ ನಮ್ಮ ಅಂಗಡಿಯಲ್ಲಿ ಬಿಸ್ಕೀಟು ತಿನ್ನುತ್ತಾನೆಯೇ ಹೊರತು ಏನೂ ಕುಡಿಯುವುದಿಲ್ಲ, ನೀರನ್ನೂ ಮನೆಯಿಂದ ತರುತ್ತಾನೆ.

ಹೀಗೆ ಅಜವಾನ ಫೇಲಾಯಿತು, ಗುಲಾಬಿ ದಳ ಫೇಲಾಯಿತು. ಮೆಂತ್ಯದ್ದನ್ನು ಕುಡಿದ ಕಂಡಕ್ಟರ್ ಕಾಶಿನಾಥ, ಇದಕ್ಕಿಂತ ಡೀಸೆಲ್ ಬೇಕು ಎಂದ. ಕೊನೆಗೆ ಉಳಿದದ್ದು ಡಾಕ್ಟರಮ್ಮ ಹೇಳಿದ್ದೇ, ಚೂರು ಹಸಿಶುಂಠಿ, ನಾಲ್ಕು ಎಲೆ ಪುದೀನಾ. ಆದರೆ ಸಕ್ಕರೆ ಇಲ್ಲದೆ ಅದು ಗಂಟಲಿಗಿಳಿಯಲಿಲ್ಲ. ನಾನು ಒಂದು ಗುಟುಕು ಕುಡಿದು ಮುಖ ಕಿವುಚಿದೆ. ಮಾವ ನನ್ನ ಮುಖ ನೋಡಿ ಅಂಗಡಿಗೆ ಹೋಗದೆ ಹತ್ತು ನಿಮಿಷ ಕಟ್ಟೆಯ ಮೇಲೆ ಕೂತರು. ಅತಿ ಸಿಹಿ ಬೇಡ ಎಂದಿದ್ದಾರೆ, ಎಷ್ಟಾದರೆ ಅತಿ ಎಂದು ಕೇಳಿಲ್ಲ, ಹಾಗಾಗಿ ಸಕ್ಕರೆಯನ್ನೇ ಹಾಕುವಂತಿಲ್ಲ, ಹಾಕದಿದ್ದರೆ ಸೊಸೆ ಕುಡಿಯುವಂತಿಲ್ಲ.

ಅವತ್ತು ಸಂಜೆ ಮಾವ ಗೆದ್ದವರ ಹಾಗೆ ಮನೆಗೆ ಬಂದರು. ಹಳೆ ಬಜಾರದಲ್ಲಿ ಬೇರು ನಾರು ಮಾರುವ ಸಾಹೇಬರ ಅಂಗಡಿಯಿದೆ. ಅವರಿಗೆ ಉರ್ದುವಿನಲ್ಲಿ ತಮ್ಮ ಕಷ್ಟ ಹೇಳಿಕೊಂಡರಂತೆ, ಸಿಹಿಯೂ ಇರಬೇಕು, ಸಕ್ಕರೆಯೂ ಇರಬಾರದು ಎಂದು. ಬಸುರಿಗೆ ಎಂದು ಹೇಳುವುದನ್ನು ಮಾತ್ರ ಮರೆತಿದ್ದರು. ಸಾಹೇಬರು ಕಾಗದದಲ್ಲಿ ಕಟ್ಟಿ ಕೊಟ್ಟದ್ದು ಹಳದಿ ಬಣ್ಣದ ಒಣ ಬೇರಿನ ಕಡ್ಡಿಗಳು. ಮುಲೇಠಿ. ಮಾವ ಒಂದು ಕಡ್ಡಿಯನ್ನು ನನ್ನ ನಾಲಿಗೆಗೆ ಮುಟ್ಟಿಸಿದರು. ಸಕ್ಕರೆಗಿಂತ ಸಿಹಿ, ಬಾಯಿಂದ ಹೋಗುವುದೇ ಇಲ್ಲ.

"ಸಕ್ರಿ ಬಂದ್, ಸಿಹಿ ಚಾಲೂ" ಎಂದರು ಮಾವ. "ಡಾಕ್ಟರಮ್ಮನ ಮಾತೂ ಉಳೀತು, ನಿನ್ನ ಬಾಯೀನೂ ಉಳೀತು."

ಅದನ್ನು ಮೂರು ದಿನ ಗಿರಾಕಿಗಳ ಮೇಲೆ ಪರೀಕ್ಷಿಸಿದ್ದೂ ಆಯಿತು. ಯಾರ ಆಟೋವೂ ನಿಲ್ಲಲಿಲ್ಲ. ಕಾಶಿನಾಥ ಇನ್ನೊಂದು ಗ್ಲಾಸು ಕೇಳಿ ಕುಡಿದ. ಹಾಗಾಗಿ ಪೇಯಕ್ಕೆ ಮಂಜೂರಾತಿ ಸಿಕ್ಕಿತು. ಬೆಳಿಗ್ಗೆ ಒಂದು, ಸಂಜೆ ಒಂದು ಗ್ಲಾಸು, ತಲೆಯ ಮೇಲಿಂದ ಸುರಿದು, ನೊರೆ ಎಬ್ಬಿಸಿ ಕೊಡುತ್ತಿದ್ದರು. ನನ್ನೊಬ್ಬಳನ್ನೇ ಚಹಾದಿಂದ ದೂರ ಮಾಡುವುದು ಅನ್ಯಾಯವೆಂದು ತಾವೂ ಚಹಾ ಬಿಟ್ಟು ಅದನ್ನೇ ಕುಡಿಯತೊಡಗಿದರು. ಮೂವತ್ತನಾಲ್ಕು ವರ್ಷ ಚಹಾ ಮಾಡಿದ ಮನುಷ್ಯ ಸೊಸೆಗಾಗಿ ಚಹಾ ಬಿಟ್ಟ ಸುದ್ದಿ ನಾರಾಯಣಖೇಡದವರೆಗೂ ಹೋಯಿತು. ಅತ್ತೆ ಮಾತ್ರ ಯಾವ ತ್ಯಾಗವನ್ನೂ ಮಾಡಲಿಲ್ಲ. ನಮ್ಮಿಬ್ಬರ ಎದುರಿಗೇ ಕೂತು ಬಶಿಯಲ್ಲಿ ಚಹಾ ಹಾಕಿಕೊಂಡು, "ನನಗ ಬಸುರೂ ಇಲ್ಲ, ಹುಚ್ಚೂ ಇಲ್ಲ" ಎಂದು ಕುಡಿಯುತ್ತಿದ್ದಳು.

ಏಳನೆಯ ತಿಂಗಳಲ್ಲಿ ಕುಬಸ ಮಾಡಿ ನನ್ನನ್ನು ತಾಂಡೂರಿಗೆ ಕರೆದೊಯ್ಯಲು ನಮ್ಮವ್ವ ಬಂದಳು. ಹಸಿರು ಸೀರೆ, ಬಳೆ, ಐದು ಥರದ ಉಂಡಿ ತಂದಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಹೊರಡುವ ಮುನ್ನ ಒಮ್ಮೆ ತೋರಿಸಿಕೊಂಡು ಬರೋಣವೆಂದು ದವಾಖಾನೆಗೆ ಹೋದರೆ, ನರ್ಸಮ್ಮ ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದು, ಮತ್ತೊಮ್ಮೆ ಹೊಡೆದು, ಡಾಕ್ಟರಮ್ಮನನ್ನು ಕರೆಯಲು ಒಳಗೆ ಹೋದಳು. ಡಾಕ್ಟರಮ್ಮ ತಾವೇ ಬಂದು ನೋಡಿದರು. ನೂರಾ ನಲವತ್ತೆಂಟು. ಕಾಲು ಒತ್ತಿ ನೋಡಿದರು, ಬೆರಳಿನ ಗುಳಿ ಹಾಗೇ ನಿಂತಿತು.

ಬೀಪಿ ಇಳಿಯುವ ತನಕ ಬಸ್ಸು ಹತ್ತುವಂತಿಲ್ಲ ಎಂದರು. ಗುಳಿಗೆ ಕೊಟ್ಟರು. ಹೀಗೇ ಏರಿದರೆ ಸಂಗಾರೆಡ್ಡಿಯ ದೊಡ್ಡ ದವಾಖಾನೆಗೆ ಕಳಿಸಬೇಕಾಗುತ್ತದೆ, ತಿಂಗಳು ತುಂಬುವ ಮೊದಲೇ ಕೂಸನ್ನು ತೆಗೆಯಬೇಕಾಗಬಹುದು ಎಂದರು. ಆ ಮಾತನ್ನು ಅವರು ನಿಧಾನವಾಗಿ ಹೇಳಿದ್ದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಅಷ್ಟು ದಿನ ನಗುನಗುತ್ತ ಹೊತ್ತುಕೊಂಡು ತಿರುಗಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮನೆಯವರೆಗೂ ಅಳುತ್ತ ಬಂದೆ. ಒಳಗಿದ್ದದ್ದು ಒದೆಯುತ್ತಲೇ ಇತ್ತು, ಅದಕ್ಕೆ ಸಂಗಾರೆಡ್ಡಿ ಎಲ್ಲಿದೆ ಎಂದೂ ಗೊತ್ತಿಲ್ಲ.

ಮನೆಯಲ್ಲಿ ಪಂಚಾಯಿತಿ ಸೇರಿತು. ಜಹೀರಾಬಾದಿನ ನೀರೇ ಸರಿಯಿಲ್ಲ ಎಂದು ಅವ್ವ, ತಾಂಡೂರಿನ ಉಂಡಿಯಲ್ಲಿ ತುಪ್ಪ ಹೆಚ್ಚಾಗಿದೆ ಎಂದು ಅತ್ತೆ. ಸಂಗು ಎಂದಿನಂತೆ ಇಬ್ಬರದ್ದೂ ಖರೇ ಎಂದ. ಕೊನೆಗೆ ಮಾವ ತೀರ್ಪು ಕೊಟ್ಟರು.

"ಟೆನ್ಶನ್ ಆಗ್ಯಾದ ಅಕಿಗಿ. ಬೀಪಿ ಅಂದ್ರ ಟೆನ್ಶನ್. ಚಹಾ ಬಂದ್ ಆಗಿದ್ದು ಜೀವಕ್ಕ ತಟ್ಯಾದ. ಪೇಯ ಹೆಚ್ಚು ಮಾಡಬೇಕು."

ಎರಡು ಗ್ಲಾಸು ನಾಲ್ಕಾಯಿತು. ಸಮಾಧಾನ ಜಾಸ್ತಿಯಾಗಲೆಂದು ಪ್ರತಿ ಗ್ಲಾಸಿಗೆ ಕಡ್ಡಿಯೂ ಒಂದರ ಬದಲು ಎರಡಾಯಿತು. ನಾನು ಭಕ್ತಿಯಿಂದ ಕುಡಿದೆ. ಮಾವನೂ ನನ್ನ ಜೊತೆ ನಾಲ್ಕು ಕುಡಿದರು. ವಾರ ಕಳೆದು ನೋಡಿಸಿದಾಗ ನೂರಾ ಐವತ್ತನಾಲ್ಕು. ಗುಳಿಗೆ ನುಂಗಿದರೂ ಏರುತ್ತಿರುವುದೇಕೆಂದು ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಮೂತ್ರದ ಪರೀಕ್ಷೆ, ರಕ್ತದ ಪರೀಕ್ಷೆ ಎಲ್ಲ ಮಾಡಿಸಿದರು, ಬೇರೇನೂ ಸಿಗಲಿಲ್ಲ. ಸೋಮವಾರ ಬೆಳಿಗ್ಗೆ ಬಟ್ಟೆಬರೆ ಕಟ್ಟಿಕೊಂಡೇ ಬನ್ನಿ, ಸಂಗಾರೆಡ್ಡಿಗೆ ಚೀಟಿ ಬರೆದುಕೊಡುತ್ತೇನೆ ಎಂದರು.

ಆ ಸೋಮವಾರ ನಾವು ಐದೂ ಜನ ಹೋದೆವು. ಅವ್ವನ ಕೈಯಲ್ಲಿ ಬಟ್ಟೆಯ ಚೀಲ, ಸಂಗುವಿನ ಕೈಯಲ್ಲಿ ಫೈಲು, ಮಾವನ ಕೈಯಲ್ಲಿ ಸಂಗಾರೆಡ್ಡಿಯ ದಾರಿಗೆಂದು ಫ್ಲಾಸ್ಕಿನ ತುಂಬ ಪೇಯ. ನನ್ನ ಸರದಿ ಬರುವ ಹೊತ್ತಿಗೆ ಮಾವ ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತದ್ದನ್ನು ಅತ್ತೆ ನೋಡಿದಳು. ಕಣ್ಣು ಕತ್ತಲೆ ಬಂದಂತಾಗುತ್ತದೆ ಎಂದರು. ನಾಲ್ಕು ದಿನದಿಂದ ತಲೆನೋವು, ತೋರುಬೆರಳು ಊದಿ ಬೆಳ್ಳಿಯುಂಗುರ ಸಿಕ್ಕಿಹಾಕಿಕೊಂಡು ಸೋಪು ಹಚ್ಚಿದರೂ ಬಂದಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ನರ್ಸಮ್ಮ ಅವರನ್ನೂ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ ಅದೇ ಪಟ್ಟಿ ಸುತ್ತಿದಳು.

ನನಗೆ ನೂರಾ ಐವತ್ತಾರು. ಮಾವನಿಗೆ ನೂರಾ ಎಪ್ಪತ್ತೆರಡು.

ಡಾಕ್ಟರಮ್ಮ ನನ್ನ ಕಾಲು ನೋಡಿದರು, ಮಾವನ ಕಾಲು ನೋಡಿದರು. ಎರಡರಲ್ಲೂ ಒಂದೇ ಥರದ ಗುಳಿ. ಬಸುರಾದದ್ದು ಇವಳು, ನಿಮಗೇನಾಗಿದೆ ಎಂದು ತೆಲುಗಿನಲ್ಲಿ ಕೇಳಿದರು. ಆಮೇಲೆ ಇಬ್ಬರೂ ಒಟ್ಟಿಗೆ ಏನು ತಿನ್ನುತ್ತೀರಿ, ಏನು ಕುಡಿಯುತ್ತೀರಿ ಎಂದರು. ಇಡೀ ಬಸುರಿನಲ್ಲಿ ಮಾವ ಕಾದಿದ್ದ ಪ್ರಶ್ನೆ ಅದು. ತಲೆನೋವು ಮರೆತು, ಎದ್ದು ನಿಂತು, ಫ್ಲಾಸ್ಕಿನ ಮುಚ್ಚಳ ಬಿಚ್ಚಿ, ಡಾಕ್ಟರಮ್ಮನ ಮೇಜಿನ ಮೇಲಿದ್ದ ಗ್ಲಾಸಿಗೆ ಸಾಧ್ಯವಾದಷ್ಟು ಮೇಲಿಂದ ಸುರಿದು ಕೊಟ್ಟರು.

ಡಾಕ್ಟರಮ್ಮ ಒಂದು ಗುಟುಕು ಕುಡಿದರು. ಬಾಯಲ್ಲೇ ಇಟ್ಟುಕೊಂಡರು. "ಚಕ್ಕೆರ ಎಂತ ವೇಸಾರು?"

"ಒಂದು ಹರಳು ಸಕ್ಕರೆಯೂ ಇಲ್ಲಮ್ಮ" ಎಂದು ಮಾವ ತಮ್ಮ ಶುದ್ಧ ತೆಲುಗಿನಲ್ಲಿ ಹೇಳಿದರು. "ನೀವೇ ಹೇಳಿದ್ದಿರಲ್ಲ, ಅತಿಮಧುರಂ ವದ್ದು ಅಂತ."

"ಹಾಗಾದರೆ ಈ ಸಿಹಿ ಎಲ್ಲಿಂದ ಬಂತು?"

ಮಾವ ಅಂಗಿಯ ಕಿಸೆಗೆ ಕೈ ಹಾಕಿ ಹಳದಿ ಕಡ್ಡಿಯೊಂದನ್ನು ತೆಗೆದು ಹೆಮ್ಮೆಯಿಂದ ಮೇಜಿನ ಮೇಲಿಟ್ಟರು. "ಮುಲೇಠಿ" ಎಂದರು.

ಡಾಕ್ಟರಮ್ಮ ಕಡ್ಡಿ ನೋಡಿದರು, ಮಾವನನ್ನು ನೋಡಿದರು, ನನ್ನನ್ನು ನೋಡಿದರು. ಮೊದಲ ಸಲ ಅವರ ಎಕ್ಸ್‌ಪ್ರೆಸ್ ತೆಲುಗು ನಡುದಾರಿಯಲ್ಲಿ ನಿಂತುಬಿಟ್ಟಿತು. ಕಡ್ಡಿಯನ್ನು ಎತ್ತಿ ಹಿಡಿದು, ಒಂದೊಂದೇ ಮಾತು ಬಿಡಿಸಿ, "ಅತಿಮಧುರಂ ಅಂಟೇ ಇದೇ" ಎಂದರು.

ಅತಿಮಧುರಂ ಎಂಬುದು ಅವರ ಕಡೆ ಒಂದು ಬೇರಿನ ಹೆಸರು. ನಮ್ಮವ್ವ ಅದನ್ನು ಜ್ಯೇಷ್ಠಮಧು ಎನ್ನುತ್ತಾಳೆ, ಸಾಹೇಬರು ಮುಲೇಠಿ ಎನ್ನುತ್ತಾರೆ. ಯಾವ ಒಂದು ವಸ್ತುವನ್ನು ಮಾತ್ರ ಮುಟ್ಟಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರೋ ಅದನ್ನೇ ನಾವು ಹುಡುಕಿಕೊಂಡು ಹೋಗಿ, ಪರೀಕ್ಷೆ ಮಾಡಿ, ಪಾಸು ಮಾಡಿ, ಮೂರು ತಿಂಗಳು ಕುಡಿದಿದ್ದೆವು. ಆ ಬೇರು ಮೈಯಲ್ಲಿ ನೀರು ನಿಲ್ಲಿಸುತ್ತದೆ, ಬೀಪಿ ಏರಿಸುತ್ತದೆ, ಬಸುರಿಯರಿಗಂತೂ ಬೇಡವೇ ಬೇಡ ಎಂದು ಡಾಕ್ಟರಮ್ಮ ಬೈದರು. ಬೈಗುಳದಲ್ಲಿ ನನ್ನ ಪಾಲೂ ಇತ್ತು, ಓದಿದವಳೆಂದು ಸ್ವಲ್ಪ ಹೆಚ್ಚೇ ಸಿಕ್ಕಿತು. ಬೈದಾದ ಮೇಲೆ ಸಂಗಾರೆಡ್ಡಿಯ ಚೀಟಿಯನ್ನು ಡ್ರಾಯರಿನಲ್ಲಿಟ್ಟುಕೊಂಡರು. ಇದನ್ನು ಇವತ್ತೇ ನಿಲ್ಲಿಸಿ, ಎರಡು ದಿನಕ್ಕೊಮ್ಮೆ ಬಂದು ತೋರಿಸಿ, ಇಳಿಯದಿದ್ದರೆ ಹೋಗಲೇಬೇಕು ಎಂದರು.

ಮಾವ ಫ್ಲಾಸ್ಕನ್ನು ದವಾಖಾನೆಯ ಮೋರಿಗೆ ಸುರಿದರು. ಎತ್ತರದಿಂದ ಅಲ್ಲ, ಬಗ್ಗಿ ಕೂತು, ಸದ್ದಾಗದ ಹಾಗೆ. ಮರುದಿನ ಅಂಗಡಿ ತೆರೆಯಲಿಲ್ಲ. ತಮ್ಮ ಮದುವೆಯ ದಿನವೂ ಅರ್ಧ ದಿನ ಅಂಗಡಿ ನಡೆಸಿದ್ದ ಮನುಷ್ಯ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಸಂಜೆ ಎದ್ದು ಬಂದು ನನ್ನ ಮುಂದೆ ನಿಂತರು.

"ನನ್ನ ಕೈಲಿಂದ ಏನೂ ಕುಡೀಬ್ಯಾಡ ಅವ್ವಾ" ಎಂದರು. "ಏನಾರ ಆಗಿದ್ರ ನಾ ಯಾರಿಗಿ ಮಾರಿ ತೋರಿಸ್ತಿದ್ದೆ?"

ನನಗೆ ಸಿಟ್ಟು ಬರಬೇಕಿತ್ತು. ಬಂದೂ ಇತ್ತು, ದವಾಖಾನೆಯಿಂದ ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅವರನ್ನು ಬೈದಿದ್ದೆ. ಆದರೆ ಊದಿದ ಕಾಲಿನಲ್ಲಿ ಹಾಗೆ ನಿಂತವರನ್ನು ನೋಡಿ ಬೈಗುಳ ಬಾಯಿಗೆ ಬರಲಿಲ್ಲ. "ಮಾವಾರ, ನೀರು ಬಿಸಿ ಮಾಡಿ ಕೊಡ್ರಿ" ಎಂದೆ. ಅವರು ನಂಬಲಿಲ್ಲ. "ಬರೀ ನೀರ್ರಿ. ಅದರಾಗ ಏನೂ ಹಾಕಬ್ಯಾಡ್ರಿ" ಎಂದು ಮತ್ತೆ ಹೇಳಿದೆ. ಅವರು ಒಳಗೆ ಹೋಗಿ ನೀರು ಕುದಿಸಿ, ಆರಿಸಿ, ಗ್ಲಾಸಿಗೆ ಹಾಕಿ ತಂದರು. ತರುವ ಮುನ್ನ ಅತ್ತೆಯನ್ನು ಕರೆದು, ಇದು ನೀರೇ ಹೌದಲ್ಲ ಎಂದು ಕುಡಿಸಿ ನೋಡಿದರಂತೆ.

ಮೂರನೆಯ ದಿನ ನೂರಾ ಐವತ್ತು. ಅಂಗಡಿ ತೆರೆಯಿತು. ನಾಲ್ಕು ದಿನ ಬಿಟ್ಟು ನೂರಾ ನಲವತ್ತೈದು. ಬಸ್‌ಸ್ಟ್ಯಾಂಡಿಗೆಲ್ಲ ವಿಷಯ ಗೊತ್ತಾಗಿತ್ತು, ನಮ್ಮೂರಲ್ಲಿ ಗೊತ್ತಾಗದಿರುವುದು ಏನೂ ಇಲ್ಲ. ಚಹಾಕ್ಕೆ ಬಂದವರು ಕ್ರಿಕೆಟ್ಟಿನ ಸ್ಕೋರು ಕೇಳಿದ ಹಾಗೆ, "ಸೊಸೀದು ಎಷ್ಟಾತು?" ಎನ್ನುವರು. ಮಾವ ಪಾತ್ರೆಯಿಂದ ಕಣ್ಣು ತೆಗೆಯದೆ "ನೂರಾ ಮೂವತ್ತೆಂಟು" ಎನ್ನುವರು. "ನಿಂದು?" ಎಂದು ಕೇಳಿದರೆ ಮುಂದಿನ ಗಿರಾಕಿಯ ಗ್ಲಾಸು ತುಂಬುವರು. ಕಾಶಿನಾಥ ಬಸ್ಸಿನಲ್ಲಿ ಟಿಕೀಟು ಹರಿಯುತ್ತ ನಾರಾಯಣಖೇಡದವರೆಗೂ ಸ್ಕೋರು ಸಾರುತ್ತಿದ್ದ. ಗಂಗಾರಾಮನಂತೂ, ತಾನು ನಾಲ್ಕು ಸಲ ಹೊಲಕ್ಕೆ ಹೋಗಿ ಪಾರಾದದ್ದು ಪುಣ್ಯವೆಂದು ಸಿಕ್ಕವರಿಗೆಲ್ಲ ಹೇಳಿದ.

ಮಾವನಲ್ಲಿ ಒಂದು ಹೊಸ ಚಾಳಿ ಕಂಡಿತು. ಯಾವ ವಸ್ತುವನ್ನೂ ಹೆಸರಿನಿಂದ ನಂಬುವುದನ್ನು ಬಿಟ್ಟರು. ನಾನು ಕೊತ್ತಂಬರಿ ತರಿಸಿದರೂ ಒಂದು ಎಳೆಯನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ ದವಾಖಾನೆಯಲ್ಲಿ ನರ್ಸಮ್ಮನ ಮುಂದೆ ಹಿಡಿದು, ಇದು ನಡೆಯುತ್ತದೆಯೇ ಎಂದು ಕೇಳುವರು. ಬದನೆಕಾಯಿ ಹಿಡಿದುಕೊಂಡು ಹೋದ ದಿನ ನರ್ಸಮ್ಮ ಅವರನ್ನು ಒಳಗೆ ಬಿಡಬೇಡಿ ಎಂದು ವಾಚ್‌ಮನ್‌ಗೆ ಹೇಳಿದಳಂತೆ. ಡಾಕ್ಟರಮ್ಮ ಅನುಮತಿ ಕೊಟ್ಟಿದ್ದ, ದಿನಕ್ಕೊಂದು ಸಣ್ಣ ಕಪ್ಪು ಚಹಾವನ್ನು ನನಗೆ ಅತ್ತೆಯೇ ಮಾಡಿ ಕೊಡುತ್ತಿದ್ದಳು. ಅದು ಚಹಾದ ಹಾಗೆ ಇರಲಿಲ್ಲ, ಆದರೂ ತಳದ ತನಕ ಕುಡಿಯುತ್ತಿದ್ದೆ.

ಮೂರು ವಾರಕ್ಕೆ ನೂರಾ ಇಪ್ಪತ್ತೆರಡಕ್ಕೆ ಇಳಿಯಿತು. ಅಷ್ಟರಲ್ಲಿ ದಿನ ಹತ್ತಿರ ಬಂದು ತಾಂಡೂರಿನ ಮಾತು ಬಿದ್ದುಹೋಗಿತ್ತು. ಅವ್ವನೇ ಇಲ್ಲಿ ಉಳಿದಳು. ತಿಂಗಳು ತುಂಬಿ, ಯಾವ ಸಂಗಾರೆಡ್ಡಿಗೂ ಹೋಗದೆ, ಜಹೀರಾಬಾದಿನ ಅದೇ ದವಾಖಾನೆಯಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ನನಗೆ ಮಗಳು ಹುಟ್ಟಿದಳು. ಮೂರು ಕೇಜಿಗೆ ಸ್ವಲ್ಪ ಕಡಿಮೆ. ಮುಷ್ಟಿ ಬಿಗಿದುಕೊಂಡು, ಮುಖ ಕೆಂಪು ಮಾಡಿಕೊಂಡು, ಇಡೀ ವಾರ್ಡಿಗೆ ಕೇಳುವ ಹಾಗೆ ಅತ್ತಳು. ಅವಳನ್ನು ನನ್ನ ಪಕ್ಕದಲ್ಲಿ ಮಲಗಿಸಿದಾಗ ಬೆರಳು ಎಣಿಸಿದೆ, ಹತ್ತೂ ಇದ್ದವು, ಮತ್ತೊಮ್ಮೆ ಎಣಿಸಿದೆ.

ಸ್ವಲ್ಪ ಹೊತ್ತಿನಲ್ಲಿ ಅವ್ವ ಚೀಲ ಹಿಡಿದು ಬಂದಳು. ಅದರಲ್ಲಿ ಕೂಸಿಗೆ ಕುಡಿಸುವ ಬೆಳ್ಳಿಯ ಒಳಲೆ, ಅಂಗೈಯಗಲದ ಕಲ್ಲು, ಒಂದು ಬಟ್ಟೆಯ ಗಂಟು. ನಮ್ಮ ಕಡೆ ಹುಟ್ಟಿದ ಕೂಸಿಗೆ ಗುಟ್ಟಿ ಹಾಕುತ್ತಾರೆ. ಹತ್ತು ಹನ್ನೆರಡು ಥರದ ಬೇರು, ಕಾಯಿಗಳನ್ನು ಕಲ್ಲಿನ ಮೇಲೆ ಒಂದೊಂದು ಸುತ್ತು ತೇದು, ಜೇನಿನಲ್ಲಿ ಕಲಸಿ ನಾಲಿಗೆಗೆ ಹಚ್ಚುವುದು. ನನಗೂ ಹಾಕಿದ್ದರು, ಅವ್ವನಿಗೂ ಹಾಕಿದ್ದರು. ಅವ್ವ ತಾಂಡೂರಿನಿಂದಲೇ ಅದನ್ನು ಜೋಪಾನವಾಗಿ ತಂದಿದ್ದಳು.

ಬಾಗಿಲಲ್ಲಿ ಮಾವ ಎರಡೂ ಕೈ ಅಗಲಿಸಿ ನಿಂತಿದ್ದರು.

"ಬ್ಯಾಡ್ರಿ ಬೀಗತ್ಯಾರ" ಎಂದರು.

"ಗುಟ್ಟೀ ರೀ. ಎಲ್ಲಾ ಕೂಸಿಗೂ ಹಾಕ್ತಾರ" ಎಂದಳು ಅವ್ವ.

"ನಾ ಕೇಳೀನ್ರಿ. ಡಾಕ್ಟರಮ್ಮಗ ತೆಲುಗಿನಾಗ ಕೇಳೀನಿ, ಪಾಲು ಅಂದಾಳ. ನರ್ಸಮ್ಮಗ ಉರ್ದುದಾಗ ಕೇಳೀನಿ, ದೂಧ್ ಅಂದಾಳ. ಕಸಾ ಹೊಡ್ಯಾಕಿಗಿ ಕನ್ನಡದಾಗ ಕೇಳೀನಿ, ಅಕಿನೂ ಡಾಕ್ಟರಮ್ಮ ಎಲ್ಲರಿಗಿ ತಾಯಿ ಹಾಲೇ ಹೇಳ್ತಾಳ ಅಂದಾಳ. ಮೂರೂ ಒಂದೇ ಅವ. ಬ್ಯಾರೆ ಒಂದು ಹನಿನೂ ಬ್ಯಾಡ."

ಅವ್ವನಿಗೆ ರೇಗಿತು. ಮಗಳ ಹೆರಿಗೆಯನ್ನೂ ತನ್ನೂರಲ್ಲಿ ಮಾಡಲಾಗಲಿಲ್ಲ, ಈಗ ಗುಟ್ಟಿಗೂ ಅಡ್ಡಿ. "ಎಲ್ಲಾ ನಿಮಗೇ ಗೊತ್ತದೇನ್ರಿ?" ಎಂದಳು.

"ಏನೂ ಗೊತ್ತಿಲ್ರಿ" ಎಂದರು ಮಾವ. "ಅದಕ್ಕೇ ಇಲ್ಲಿ ನಿಂತೀನಿ."

ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಆ ಮನುಷ್ಯನ ಬಾಯಿಂದ 'ಗೊತ್ತಿಲ್ಲ' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅವರ ಬೆನ್ನ ಹಿಂದೆ ನಿಂತಿದ್ದ ಅತ್ತೆಯೂ ಸೆರಗು ಬಾಯಿಗೆ ಹಿಡಿದುಕೊಂಡಳು. ಅವ್ವ ಒಳಲೆಯನ್ನು ಮತ್ತೆ ಚೀಲದಲ್ಲಿಟ್ಟಳು. ನಾನು ಮಗಳನ್ನು ಎತ್ತಿಕೊಂಡು ಎದೆಗೆ ಹಚ್ಚಿಕೊಂಡೆ. ಮಾವ ನಮ್ಮ ಕಡೆ ಬೆನ್ನು ಮಾಡಿಕೊಂಡು ಮಧ್ಯಾಹ್ನದವರೆಗೂ ಬಾಗಿಲಲ್ಲೇ ನಿಂತಿದ್ದರು.